ಸುಣ್ಣದ ಕಮರಿಯಲ್ಲಿ ದಾರಿ ತಪ್ಪಿದ ಗಂಡ

ಸೈಕಲ್ ಅಂದರೆ ಏನು ಮಹಾ! ಕೆಳಗೆ ಎರಡು ಚಕ್ರ, ನಡುವೆ ಒಂದು ಸೀಟು, ಮೇಲೊಬ್ಬ ಗಂಡಸು. ಗಂಡಸು ಗಟ್ಟಿಯಾಗಿದ್ದರೆ ಚಕ್ರ ಎಲ್ಲಿ ಬೇಕಾದರೂ ಉರುಳುತ್ತದೆ. ಬೆಟ್ಟವೇನು, ಬಂಡೆಯೇನು!

ಹೀಗೆಂದು ನಾನು ಒಂದು ಶನಿವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಕೈಯಲ್ಲಿದ್ದ ಕಾಫಿ ಕಪ್ಪನ್ನು ಆಗಲೇ ಗೆದ್ದುಬಿಟ್ಟ ಕಪ್ಪಿನಂತೆ ಎತ್ತಿ ಹಿಡಿದು ಘೋಷಿಸಿದೆ.

ಇದಕ್ಕೆಲ್ಲ ಮೂಲಕಾರಣ ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಅವನು ಹಿಂದಿನ ದಿನ ಕುಟುಂಬದ ಗ್ರೂಪಿಗೆ ಒಂದು ಫೋಟೋ ಹಾಕಿದ್ದ. ಸುಣ್ಣಕಲ್ಲಿನ ಬಿಳಿ ಕಮರಿ, ಸುತ್ತ ದಟ್ಟ ಕಾಡು, ನಡುವೆ ಸೈಕಲ್ಲಿನ ಸಮೇತ ಗಾಳಿಯಲ್ಲಿ ತೇಲುತ್ತಿರುವ ಷಡ್ಡಕ! ಅದರ ಕೆಳಗೆ ನಮ್ಮ ಅತ್ತೆಯ ಷರಾ: "ಚಿಕ್ಕಳಿಯಂದ್ರು ಥೇಟ್ ಹದ್ದು! ದೊಡ್ಡಳಿಯಂದ್ರೂ ಇದಾರೆ, ಸೋಫಾ ಬಿಟ್ಟು ಮೇಲೇಳಲ್ಲ."

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅಂದರೆ ಇದೇ ತಾನೆ?

"ನಾಳೆ ನಾವೂ ಹೋಗ್ತಿದೀವಿ," ಎಂದೆ.

ಹೆಂಡತಿ ಬ್ರೆಡ್ಡಿನಿಂದ ಕಣ್ಣೆತ್ತಲಿಲ್ಲ. "ಎಲ್ಲಿಗೆ?"

"ಕಮರಿಗೆ! ಸೈಕಲ್ ಮೇಲೆ!"

ನನ್ನ ಹೆಂಡತಿ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ನರ್ಸು. ಊರಿನಲ್ಲಿ ಯಾರು ಎಲ್ಲಿಂದ ಬಿದ್ದರೂ ಕೊನೆಗೆ ಬಂದು ಸೇರುವುದು ಅವಳ ಪ್ಲಾಸ್ಟರ್ ರೂಮಿಗೆ. ಹೀಗಾಗಿ ಪರಾಕ್ರಮ ಎಂಬ ಶಬ್ದ ಕೇಳಿದರೆ ಅವಳ ಕಣ್ಣ ಮುಂದೆ ಬರುವುದು ಎಕ್ಸ್‌ರೇ.

"ಹೋಗೋದಾದ್ರೆ ವಾರದ ದಿನ ಹೋಗಿ," ಎಂದಳು. "ಭಾನುವಾರ ನನಗೆ ರಜ. ಡ್ಯೂಟಿಲಿ ಇರೋರ ಕೈ ಸ್ವಲ್ಪ ಒರಟು. ಕಾಲು ನೆಟ್ಟಗೆ ಕೂರಿಸಲ್ಲ."

"ನೀನೂ ಬರ್ತಿದೀಯಾ!"

"ನಾನ್ಯಾಕೆ?"

"ಗಂಡನ ಸಾಹಸ ಕಣ್ಣಾರೆ ನೋಡೋಕೆ ಒಬ್ಬರಾದ್ರೂ ಬೇಡ್ವಾ?"

"ಅದೂ ನಿಜ. ಹೇಗೆ ಬಿದ್ರು ಅಂತ ಡಾಕ್ಟ್ರು ಕೇಳೇ ಕೇಳ್ತಾರೆ," ಎಂದು ಬ್ರೆಡ್ಡಿಗೆ ಬೆಣ್ಣೆ ಸವರಿದಳು.

"ದಾರಿ ಗೊತ್ತಾ?" ಎಂದು ಮತ್ತೆ ಕೇಳಿದಳು.

ದಾರಿ! ನನ್ನನ್ನು! ಓದುಗರೇ, ನಗರಸಭೆಯ ರಸ್ತೆ ಫಲಕಗಳ ವಿಭಾಗಕ್ಕೆ ನಾನೇ ಮುಖ್ಯಸ್ಥ. 'ಎಡಕ್ಕೆ ತಿರುಗಿ', 'ಏಕಮುಖ ಸಂಚಾರ', 'ಮುಂದೆ ಶಾಲೆ ಇದೆ' ಎಂದೆಲ್ಲ ಇಡೀ ಊರಿಗೆ ದಾರಿ ತೋರಿಸುವವನು ನಾನು. ನನ್ನ ಸಹಿಯಿಲ್ಲದೆ ಊರಿನಲ್ಲಿ ಒಂದು ಬಾಣವೂ ಬಲಕ್ಕೆ ತಿರುಗುವುದಿಲ್ಲ! ಇಂಥವನಿಗೆ ಯಾರು ದಾರಿ ತೋರಿಸಬೇಕು?

ಭಾನುವಾರ ಹೊರಟೆವು.

ಕಾಡಿನ ಅಂಚಿನಲ್ಲಿ ತಗಡಿನ ಷೆಡ್ಡು. ಅದೇ ಬಾಡಿಗೆ ಸೈಕಲ್ ಅಂಗಡಿ. ಅಂಗಡಿಯವನಿಗೆ ಬೆನ್ನಿನವರೆಗೆ ಜುಟ್ಟು. ಜುಟ್ಟು ಅವನದು, ಆದರೆ ಕೈಗೆ ಸಿಕ್ಕಿದ್ದು ನಮ್ಮದು!

"ಸಾರ್, ಹಸಿರು ಬಾಣ ಸುಲಭದ ದಾರಿ. ನೀಲಿ ಸ್ವಲ್ಪ ಕಷ್ಟ. ಕೆಂಪು ತುಂಬಾ ಕಷ್ಟ. ಕಪ್ಪು..." ಎಂದು ನನ್ನ ಹೊಟ್ಟೆಯ ಕಡೆ ನೋಡಿ ಮಾತು ನಿಲ್ಲಿಸಿದ.

"ಕಪ್ಪು ಏನು?"

"ಕಪ್ಪು ದಾರಿಗೆ ಹೋಗೋರು ನನ್ನನ್ನ ಕೇಳಲ್ಲ ಸಾರ್."

"ಕೆಂಪು ಕೊಡಿ," ಎಂದೆ, ಸೀರೆ ಅಂಗಡಿಯಲ್ಲಿ ಹೇಳುವಂತೆ.

"ಹಸಿರು," ಎಂದಳು ಹೆಂಡತಿ, ಆಸ್ಪತ್ರೆಯಲ್ಲಿ ಹೇಳುವಂತೆ. ಹಸಿರೇ ಖಾಯಂ ಆಯಿತು.

"ಒಂದು ಮಾತು ನೆನಪಿಡಿ," ಎಂದ ಜುಟ್ಟಿನವನು. "ಓಡಿಸುವಾಗ ಹಿಂದೆ ತಿರುಗಿ ನೋಡ್ಬೇಡಿ. ತಿರುಗಿದ್ರಿ, ಬಿದ್ರಿ! ಆಮೇಲೆ ಕಮರಿಲಿ ಫೋನ್ ಸಿಗಲ್ಲ. ಏನಿದ್ರೂ ಕೂಗಿಕೊಳ್ಳಬೇಕು ಅಷ್ಟೆ."

ನಮ್ಮಿಬ್ಬರಿಗೂ ಒಂದೇ ಥರದ ಹಳದಿ ಜಾಕೆಟ್ ತೊಡಿಸಿದ. ತಲೆಗೆ ಕೆನ್ನೆ, ಗಲ್ಲ, ಬಾಯಿ ಎಲ್ಲವನ್ನೂ ನುಂಗುವ ಹಳದಿ ಹೆಲ್ಮೆಟ್. ಕಣ್ಣಿಗೆ ಕಪ್ಪು ಗಾಜು. ಷೆಡ್ಡಿನ ಕನ್ನಡಿಯಲ್ಲಿ ನೋಡಿದೆ. ನಾನು ಯಾರೆಂದು ನನಗೇ ಗೊತ್ತಾಗಲಿಲ್ಲ! ಹೊರಗೆ ಬಂದಾಗ ನಮಗಿಂತ ಮುಂಚೆ ಹೊರಟ ಇನ್ನೊಂದು ಜೋಡಿ, ಇಂಥದೇ ಎರಡು ಹಳದಿ ಬೆನ್ನುಗಳು, ಮರಗಳ ಸಂದಿಯಲ್ಲಿ ಮರೆಯಾಗುತ್ತಿದ್ದವು.

"ನೀನು ಮುಂದೆ ಹೋಗು, ನಾನು ಹಿಂದಿನಿಂದ ಕಾವಲು," ಎಂದೆ. ಅಸಲು ಕಾರಣ ಬೇರೆ. ನಾನು ಬೀಳುವುದು ಅವಳಿಗೆ ಕಾಣಬಾರದು.

ಆ ಸೈಕಲ್ಲಿನ ಬಗ್ಗೆ ಏನು ಹೇಳಲಿ! ಸೀಟು ಎಂಬ ಹೆಸರಿನಲ್ಲಿ ಅಲ್ಲೊಂದು ಕತ್ತಿಯನ್ನು ಇಟ್ಟಿದ್ದರು. ಗೇರು ಒತ್ತಿದರೆ ಒಂದು ಸಲ ಪೆಡಲು ಗಾಳಿಯಲ್ಲಿ ಗಿರಗಿರ ತಿರುಗುತ್ತದೆ, ಇನ್ನೊಂದು ಸಲ ಸಿಮೆಂಟಿನಲ್ಲಿ ಹೂತಂತೆ ನಿಲ್ಲುತ್ತದೆ. ದಾರಿಯ ತುಂಬ ಮರದ ಬೇರುಗಳು. ಪ್ರತಿ ಬೇರಿಗೂ ನನ್ನ ಹಲ್ಲುಗಳು ತಾಳ ಹಾಕಿದವು. ಮುಂದೆ ನನ್ನ ಹೆಂಡತಿ ಮಾತ್ರ ಸ್ಟ್ರೆಚರ್ ತಳ್ಳಿ ಅಭ್ಯಾಸವಿದ್ದವಳ ಹಾಗೆ ನೆಟ್ಟಗೆ ಸಾಗುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಕಾಡು ಇಬ್ಭಾಗವಾಗಿ ಕಮರಿ ಬಾಯ್ತೆರೆಯಿತು. ಎರಡೂ ಕಡೆ ಬೆಳ್ಳಗಿನ ಗೋಡೆಗಳು, ಆಕಾಶದವರೆಗೆ! ನೀರು ಕೊರೆದ ತೂತುಗಳು, ಗುಹೆಗಳು, ಬಂಡೆಯ ಕಮಾನುಗಳು. ಷಡ್ಡಕನ ಬೆಣ್ಣೆಗೆ ಪ್ರತಿಯಾಗಿ ನನಗೆ ಸಿಕ್ಕಿದ್ದು ಚಮಚದಷ್ಟಲ್ಲ, ಬೆಟ್ಟದಷ್ಟು ಸುಣ್ಣ!

ಅಲ್ಲಿ ದಾರಿ ಕವಲೊಡೆದಿತ್ತು. ನಾನು ಇಳಿದು ಬಾಣ ಹುಡುಕಿದೆ. ಬಾಣವೇ ಇಲ್ಲ! ಬಂಡೆಗೆ ಮೂಗು ತಾಗಿಸಿದಾಗ ಕಂಡಿತು. ಪಾಚಿಯ ಮೇಲೆ ಹಸಿರು ಬಣ್ಣದ ಬಾಣ! ಹಸಿರು ಕಾಡಿನಲ್ಲಿ, ಹಸಿರು ಪಾಚಿಯ ಮೇಲೆ, ಹಸಿರು ಬಾಣ! ಯಾವ ಪುಣ್ಯಾತ್ಮನ ಕೆಲಸವಿದು? ನಮ್ಮ ಕಚೇರಿಯವನಾಗಿದ್ದರೆ ಅಂದೇ ನೋಟಿಸ್ ಕೊಡುತ್ತಿದ್ದೆ. ಹೀಗೆ ಮನಸ್ಸಿನಲ್ಲೇ ನೋಟಿಸಿನ ಒಕ್ಕಣೆ ಬರೆಯುತ್ತ, ಅದೇ ನೆಪದಲ್ಲಿ ಎರಡು ಉಸಿರು ಹೆಚ್ಚಿಗೆ ಎಳೆದುಕೊಂಡು ತಲೆ ಎತ್ತಿದೆ.

ಹೆಂಡತಿ ಇರಲಿಲ್ಲ.

"ಏ ಇವಳೇ!" ಎಂದು ಕೂಗಿದೆ.

"ವಳೇ... ವಳೇ... ವಳೇ..." ಎಂದಿತು ಕಮರಿ.

ಆಮೇಲೆ ಎಡಗಡೆಯಿಂದ ಬಂತು ಉತ್ತರ: "ರೀ!"

ಮರುಕ್ಷಣ ಬಲಗಡೆಯಿಂದಲೂ ಬಂತು: "ರೀ!"

ಈ 'ರೀ' ಎಂಬುದರ ಮಹಿಮೆ ನಿಮಗೆ ಗೊತ್ತಲ್ಲ. ಅಪ್ಪ ಅಮ್ಮ ಯೋಚಿಸಿ, ಅಳೆದು ತೂಗಿ ಇಟ್ಟ ಹೆಸರು ಮದುವೆಯ ದಿನ ಕಳಚಿ ಬೀಳುತ್ತದೆ. ಅಲ್ಲಿಂದ ಮುಂದೆ ಲೋಕದ ಸಮಸ್ತ ಗಂಡಂದಿರಿಗೂ ಅದೊಂದೇ ನಾಮಧೇಯ! ಎಡದ ರೀ ಅಸಲಿಯೋ, ಬಲದ ರೀ ಪ್ರತಿಧ್ವನಿಯೋ? ನಾನು ಶಾಸ್ತ್ರೀಯವಾಗಿ ಆಲೋಚಿಸಿದೆ. ಯಾವುದರಲ್ಲಿ ಸಿಟ್ಟು ಜಾಸ್ತಿಯಿದೆಯೋ ಅದೇ ನನ್ನ ಹೆಂಡತಿ! ಎಡಕ್ಕೆ ಸೈಕಲ್ ತಿರುಗಿಸಿದೆ.

ಲೆಕ್ಕ ಸರಿಯಾಗಿತ್ತು. ಸ್ವಲ್ಪ ದೂರದಲ್ಲಿ ಹಳದಿ ಬೆನ್ನು ಕಾಣಿಸಿತು.

"ಬಂದ್ರಾ?" ಎಂದಿತು ಹೆಲ್ಮೆಟ್ಟಿನ ಒಳಗಿನಿಂದ ಗವ್ವೆನ್ನುವ ದನಿ. "ಎಲ್ಲಿ ಸತ್ತ್ರಿ ಇಷ್ಟೊತ್ತು?"

ಅಬ್ಬ, ಅವಳೇ! "ಬಂದೆ ಕಣೇ, ಬಂದೆ," ಎಂದು ಬೆನ್ನು ಹತ್ತಿದೆ.

ದಾರಿ ಇಳಿಜಾರಿತ್ತು. ಪೆಡಲು ತುಳಿಯುವ ಕೆಲಸವಿಲ್ಲ. ಕಾಲಿಗೆ ಬಿಡುವು ಸಿಕ್ಕಾಗ ಬಾಯಿಗೆ ಕೆಲಸ ಬರುತ್ತದೆ. ಷಡ್ಡಕನ ಫೋಟೋದಲ್ಲಿ ಏನೋ ಮೋಸವಿದೆ ಎಂದು ವಿವರಿಸಿದೆ. ಸೋಫಾ ಎಂಬುದು ಕುಳಿತುಕೊಳ್ಳಲಿಕ್ಕೇ ಇರುವ ಸಾಮಾನು ಎಂದು ವಾದಿಸಿದೆ. ಮುಂದಿನವಳು ತಿರುಗಿ ನೋಡಲಿಲ್ಲ, ಎದುರಾಡಲೂ ಇಲ್ಲ. ಕಾಡಿನ ಗಾಳಿಗೆ ಎಂಥ ಗುಣವಿದೆ ಎಂದು ನನಗೆ ಆನಂದಬಾಷ್ಪ ಬಂತು! ಆ ಧೈರ್ಯದ ಮೇಲೆ, "ಎಲ್ಲ ನಿಮ್ಮಮ್ಮನಿಂದ ಆಗಿದ್ದು ಕಣೇ! ಮೊನ್ನೆ ಅವರು ಮೆಸೇಜ್ ಹಾಕದೇ ಇದ್ದಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ?" ಎಂದೆ.

ಮುಂದಿನ ಸೈಕಲ್ ಓಲಾಡಿತು.

"ಯಾರು? ನಮ್ಮಮ್ಮನಾ?"

"ಮತ್ತೆ ನಮ್ಮಮ್ಮನಾ?"

"ಮೆಸೇಜಾ? ನಮ್ಮಮ್ಮ ತೀರಿಕೊಂಡು ವರ್ಷಗಳಾಯ್ತಲ್ರೀ!"

ಕಮರಿಯ ಒಂದು ಗೋಡೆ "ಆಯ್ತಲ್ರೀ" ಎಂದಿತು. ಇನ್ನೊಂದು ಗೋಡೆ ಅದನ್ನು ಅನುಮೋದಿಸಿತು. ಬಿಸಿಲಿನಲ್ಲೂ ನನಗೆ ಚಳಿ ಹುಟ್ಟಿತು. ಮುಂದಿನ ಸೈಕಲ್ ಗಕ್ಕನೆ ನಿಂತಿತು. ನನ್ನದು ನಿಲ್ಲಲಿಲ್ಲ. ಬ್ರೇಕು ಕೈಕೊಟ್ಟಿತು, ಕೈ ಬ್ರೇಕನ್ನು ಬಿಟ್ಟಿತು, ನಾನು ಸೈಕಲ್ಲನ್ನು ಬಿಟ್ಟು ಪೊದೆಯೊಳಗೆ ಮುಖಪ್ರವೇಶ ಮಾಡಿದೆ.

ಎದ್ದು ನೋಡಿದರೆ, ಎದುರಿಗೆ ಹೆಲ್ಮೆಟ್ ತೆಗೆದು ನಿಂತಿರುವ ಅಪರಿಚಿತ ಹೆಂಗಸು! ಕೈಯಲ್ಲಿ ಗಾಳಿ ಹೊಡೆಯುವ ಪಂಪು, ಹೊಡೆಯುವ ಭಂಗಿಯಲ್ಲಿಯೇ!

"ಯಾರ್ರೀ ನೀವು? ನಮ್ಮವರೆಲ್ಲಿ?"

"ನಮ್ಮವಳೆಲ್ಲಿ?" ಎಂದೆ ನಾನು.

"ಅಷ್ಟು ದೂರದಿಂದ ನನ್ನ ಹಿಂದೆ ಬರ್ತಿದೀರಲ್ಲ, ನಾಚಿಕೆಯಾಗಲ್ವಾ?"

"ಅಮ್ಮಾ, ನಾನು ಅಂಥವನಲ್ಲ, ದಾರಿ ತಪ್ಪಿದ ಗಂಡ ನಾನು..." ಎಂದವನು, ಮಾತು ಎತ್ತಲೋ ಹೋಯಿತೆಂದು ಗೊತ್ತಾಗಿ ಬಾಯಿ ಮುಚ್ಚಿಕೊಂಡೆ.

ಆಕೆ ಹೈಸ್ಕೂಲಿನ ಗಣಿತದ ಟೀಚರು. ಬೆಳಿಗ್ಗೆ ನಮಗಿಂತ ಮುಂಚೆ ಹೊರಟ ಜೋಡಿಯ ಅರ್ಧ ಭಾಗ. ನನ್ನನ್ನು ಕಪ್ಪು ಹಲಗೆಯ ಮುಂದೆ ನಿಲ್ಲಿಸಿದಂತೆ ನಿಲ್ಲಿಸಿ ವಿಚಾರಣೆ ಮಾಡಿದರು.

"ಏನು ಕೆಲಸ ನಿಮಗೆ?"

"ರಸ್ತೆ ಫಲಕಗಳ ವಿಭಾಗ."

"ಅಂದ್ರೆ?"

"ಜನಕ್ಕೆ ದಾರಿ ತೋರಿಸೋದು."

ಟೀಚರು ಪಂಪು ಕೆಳಗಿಳಿಸಿದರು. ಇಂಥವನಿಂದ ಅಪಾಯವೇನಿಲ್ಲ ಎಂದು ಅವರಿಗೆ ಖಾತ್ರಿಯಾಗಿರಬೇಕು.

"ಹಾಗಾದ್ರೆ ನಮ್ಮವರು ನಿಮ್ಮ ಹೆಂಡತಿ ಹಿಂದೆ ಹೋಗಿರ್ತಾರೆ. ಕೂಗಿ," ಎಂದರು.

"ನೀವೂ ಕೂಗಿ. ನಿಮ್ಮವರು ಓಗೊಡ್ತಾರೆ."

"ಅವರು ಲೈಬ್ರರೀಲಿ ಕೆಲಸ ಮಾಡೋರು. ಪಿಸುಮಾತು ಬಿಟ್ರೆ ಬೇರೆ ದನಿ ಇಲ್ಲ ಅವರಿಗೆ. ಹೆಲ್ಮೆಟ್ ಒಳಗಿಂದ ನಿಮ್ಮ ದನೀನೂ ಹಾಗೇ ಕೇಳಿಸ್ತು, ಅದಕ್ಕೇ ಮೋಸಹೋದೆ. ಮನೇಲಿ ಬೆಂಕಿ ಬಿದ್ರೂ ಹತ್ತಿರ ಬಂದು ಕಿವೀಲಿ ಹೇಳ್ತಾರೆ."

"ಏ ಇವಳೇ!" ಎಂದು ನಾನು ಕೂಗಿದೆ. "ರೀ!" ಎಂದು ಟೀಚರು ಕೂಗಿದರು. ಕಮರಿ ಎರಡನ್ನೂ ಕಲಸಿ "ಇವಳೇ ರೀ, ಇವಳೇ ರೀ" ಎಂದು ನನ್ನ ಮೇಲೆ ಯಾರಿಗೋ ಚಾಡಿ ಹೇಳಿತು.

"ಹೆಸರು ಹಿಡಿದು ಕೂಗ್ರೀ!" ಎಂದರು ಟೀಚರು.

ಕೂಗಿದೆ. ಮದುವೆಯಾದಂದಿನಿಂದ ಹೆಂಡತಿಯ ಹೆಸರನ್ನು ಬಾಯಿಬಿಟ್ಟು ಕೂಗಿದ್ದು ಅದೇ ಮೊದಲು. ನನಗೇ ಅದು ಬೇರೆ ಯಾರದೋ ಹೆಸರಿನಂತೆ ಕೇಳಿಸಿತು. ಉತ್ತರ ಬರಲಿಲ್ಲ.

ಆಗ ನನ್ನೊಳಗಿನ ದಾರಿ ತಜ್ಞ ಮೈಕೊಡವಿ ಎದ್ದ. "ಗಾಬರಿ ಬೇಡ. ದಾರಿ ತಪ್ಪಿದಾಗ ನೀರಿನ ಜಾಡು ಹಿಡಿದು ಹೋಗಬೇಕು. ಹೊಳೆ ಎಂದಾದರೂ ದಾರಿ ತಪ್ಪುತ್ತದೆಯೇ?" ಎಂದೆ. ಗಾಬರಿಯಾದಾಗ ನನಗೆ ಹೀಗೆ ಪುಸ್ತಕದ ಭಾಷೆ ಬರುತ್ತದೆ. ಇಬ್ಬರೂ ಸೈಕಲ್ ತಳ್ಳಿಕೊಂಡು, ಪಕ್ಕದಲ್ಲೇ ಹರಿಯುತ್ತಿದ್ದ ಹೊಳೆಯ ದಂಡೆಯಲ್ಲಿ ಹೊರಟೆವು. ಹೊಳೆ ಸ್ವಲ್ಪ ದೂರ ನಮ್ಮ ಜೊತೆ ಚೆನ್ನಾಗಿಯೇ ಬಂತು. ಆಮೇಲೆ ಒಂದು ಬಂಡೆಯ ಬುಡದಲ್ಲಿ ಗುಳುಗುಳು ಎಂದು ನೆಲದೊಳಗೆ ಇಳಿದು ಮಾಯವಾಯಿತು! ಒಂದು ತೊಟ್ಟೂ ಉಳಿಯಲಿಲ್ಲ!

"ಸುಣ್ಣಕಲ್ಲಿನ ಜಾಗ ಅಂದ್ರೆ ಹೀಗೇನೇ," ಎಂದರು ಟೀಚರು. "ಒಳಗೆಲ್ಲ ಟೊಳ್ಳು. ನೀರು ಇಲ್ಲಿ ಮುಳುಗಿ ಇನ್ನೆಲ್ಲೋ ಏಳುತ್ತೆ."

"ಮೊದಲೇ ಹೇಳಬಾರದಿತ್ತಾ?"

"ನೀವು ಅಷ್ಟು ಗಂಭೀರವಾಗಿ ಹೇಳ್ತಿದ್ರಿ. ಮಧ್ಯೆ ಬಾಯಿ ಹಾಕೋದು ಸರಿಯಲ್ಲ ಅನ್ನಿಸ್ತು."

ಬಲಕ್ಕೆ ಹೋದೆವು, ಕಮಾನಿನ ಆಕಾರದ ಬಂಡೆ ಬಂತು. ಎಡಕ್ಕೆ ಹೋದೆವು, ಅದೇ ಕಮಾನು. ನೆಟ್ಟಗೆ ಹೋದೆವು, ಕಮಾನು ನಮಗಿಂತ ಮುಂಚೆ ಬಂದು ನಿಂತಿತ್ತು. ನನ್ನ ತಲೆ ಗೊಂದಲದ ಗೂಡಾಯಿತು. ನಾನು ಹುಡುಕುತ್ತಿರುವುದು ಹೆಂಡತಿಯನ್ನೋ, ದಾರಿಯನ್ನೋ, ಹಸಿರು ಬಾಣವನ್ನೋ? ಅಥವಾ ಕಳೆದುಹೋದವನು ನಾನೇ ಆಗಿದ್ದು, ಹುಡುಕಬೇಕಾದವಳು ಅವಳೋ? ಟೀಚರು ಕಮಾನನ್ನು ದಿಟ್ಟಿಸಿ, "ಇದು ವೃತ್ತ," ಎಂದು ತೀರ್ಪು ಕೊಟ್ಟರು.

ಕಮಾನಿನ ಆಚೆ, ಕಮರಿ ಇನ್ನೂ ಆಳಕ್ಕೆ ಇಳಿಯುವ ಅಂಚಿಗೆ ಬಂದು ಕೆಳಗೆ ಇಣುಕಿದೆ.

ಕೆಳಗೆ, ನೀರಿನ ಮಡುವಿನ ಪಕ್ಕದಲ್ಲಿ, ಬಂಡೆಗಳ ನಡುವೆ ಏನೋ ಹಳದಿ ಬಣ್ಣದ್ದು ಬಿದ್ದಿತ್ತು. ಅಲುಗಾಡುತ್ತಿರಲಿಲ್ಲ.

ಇಷ್ಟು ಹೊತ್ತು ನಗಿಸಿದೆನಲ್ಲ, ಆ ಗಳಿಗೆಯಲ್ಲಿ ಮಾತ್ರ ನನಗೆ ನಗು, ಷಡ್ಡಕ, ಸೋಫಾ ಯಾವುದೂ ನೆನಪಿರಲಿಲ್ಲ. ಬರುವುದಿಲ್ಲ ಎಂದವಳನ್ನು ಎಳೆದು ತಂದವನು ನಾನು. ಹಿಂದಿನಿಂದ ಕಾವಲಿರುತ್ತೇನೆ ಎಂದವನೂ ನಾನೇ. ಟೀಚರು ಹಿಂದಿನಿಂದ ಏನೋ ಕೂಗಿದರು, ಕೇಳಿಸಲಿಲ್ಲ. ಬೇರು ಹಿಡಿದು, ಬಂಡೆ ಹಿಡಿದು, ಕೊನೆಗೆ ಹಿಡಿಯಲು ಏನೂ ಸಿಗದೆ, ಸುಣ್ಣದ ಕೆಸರಿನ ಮೇಲೆ ಕುಳಿತ ಭಂಗಿಯಲ್ಲಿಯೇ ಜಾರಿ ಕೆಳಗೆ ಹೋದೆ. ಬಿದ್ದಲ್ಲಿಂದ ಎದ್ದು, ಅವಳ ಹೆಸರು ಕೂಗುತ್ತಾ, ಎಡವುತ್ತಾ ಆ ಹಳದಿಯ ಹತ್ತಿರ ಓಡಿದೆ.

ಅದೊಂದು ಬೋರ್ಡು.

ಗಾಳಿಗೆ ಕಿತ್ತು ಬಿದ್ದ ತಗಡಿನ ಬೋರ್ಡು! ಮಗುಚಿ ನೋಡಿದೆ. 'ಅಪಾಯ! ಇಲ್ಲಿ ಇಳಿಯಬಾರದು' ಎಂದು ದಪ್ಪ ಅಕ್ಷರದಲ್ಲಿತ್ತು. ಮೇಲೆ ಇರಬೇಕಾದ ಬೋರ್ಡು ಕೆಳಗಿತ್ತು, ಅದನ್ನು ಓದಿ ಮೇಲೆಯೇ ಇರಬೇಕಾಗಿದ್ದ ನಾನೂ ಕೆಳಗಿದ್ದೆ. ಬಿದ್ದ ಬೋರ್ಡನ್ನು ತಬ್ಬಿಕೊಂಡು ಅತ್ತ ಅಧಿಕಾರಿ ಯಾವ ಇಲಾಖೆಯ ಇತಿಹಾಸದಲ್ಲೂ ಇರಲಾರ. ನಾನು ಅತ್ತೆ.

"ಏನದು?" ಎಂದು ಮೇಲಿನಿಂದ ಟೀಚರು ಕೂಗಿದರು.

"ಬೋರ್ಡು!"

"ಏನು ಬರೆದಿದೆ?"

ಹೇಳಿದೆ. ಆಮೇಲೆ, "ಅಲ್ಲೇ ಇರಿ. ನಾನು ಸುತ್ತಿಬಳಸಿ ಬರ್ತೀನಿ. ದಯವಿಟ್ಟು ಏನನ್ನೂ ಯೋಚಿಸ್ಬೇಡಿ," ಎಂಬ ಮಾತು ತೇಲಿಬಂತು.

ಅಲ್ಲೇ ಇರುವುದು ನನ್ನ ಜಾಯಮಾನವೇ? ಮಡುವಿನ ಅಂಚು ಹಿಡಿದು ಬಂಡೆಯ ತಿರುವು ದಾಟಿದೆ. ನೆಲದೊಳಗೆ ಮಾಯವಾಗಿದ್ದ ಹೊಳೆ ಅಲ್ಲಿ ಏನೂ ಆಗಿಲ್ಲ ಎಂಬಂತೆ ಹೊರಗೆ ಬಂದು ಹರಿಯುತ್ತಿತ್ತು. ದಂಡೆಯ ಮರದ ನೆರಳಿನಲ್ಲಿ ಎರಡು ಸೈಕಲ್ಲುಗಳು ಒರಗಿ ನಿಂತಿದ್ದವು. ಚಪ್ಪಟೆ ಕಲ್ಲಿನ ಮೇಲೆ ನನ್ನ ಹೆಂಡತಿ ನೀರಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು! ಪಕ್ಕದ ಕಲ್ಲಿನಲ್ಲಿ ತೆಳ್ಳಗಿನ ಮನುಷ್ಯನೊಬ್ಬ ಕಿತ್ತಳೆ ಹಣ್ಣು ಸುಲಿದು, ನಾರು ಬಿಡಿಸಿ, ಬೀಜ ತೆಗೆದು ಒಂದೊಂದೇ ತೊಳೆಯನ್ನು ಎಲೆಯ ಮೇಲೆ ಜೋಡಿಸಿ ಅವಳ ಮುಂದಿಡುತ್ತಿದ್ದ. ಸುಖವಾದ, ನಿಶ್ಶಬ್ದವಾದ ದೃಶ್ಯ.

"ಏ ಇವಳೇ!" ಎಂದೆ.

ಅವಳು ತಿರುಗಿ ನೋಡಿದಳು. ನೆತ್ತಿಯಿಂದ ಅಂಗಾಲಿನವರೆಗೆ ಬಿಳಿಯ ಕೆಸರು ಮೆತ್ತಿಕೊಂಡು, ಅದು ಬಿಸಿಲಿಗೆ ಒಣಗಿ ಬಿರಿಯುತ್ತಾ, ಕೈಕಾಲು ಮಡಿಸಲಾಗದೆ ನಿಂತಿದ್ದೆ.

"ಅಯ್ಯೋ! ಎಲ್ರೀ ಹಾಕಿಸ್ಕೊಂಡ್ರಿ ಇಷ್ಟು ದೊಡ್ಡ ಪ್ಲಾಸ್ಟರು?" ಎಂದಳು. ಬಾಯಿ ಹಾಗೆಂದರೂ ಕಾಲು ಆಗಲೇ ಓಡಿಬಂದಿತ್ತು. ನನ್ನ ಮೊಣಕೈ, ಮಂಡಿ, ಕತ್ತು ಎಲ್ಲವನ್ನೂ ಒತ್ತಿ ಒತ್ತಿ ನೋಡಿದಳು. ಯಾವುದೂ ಮುರಿದಿಲ್ಲ ಎಂದು ಖಚಿತವಾದ ಮೇಲೆಯೇ ಬೈಯಲು ಶುರು ಮಾಡಿದಳು.

"ನಿನ್ನ ಹೆಸರು ಹಿಡಿದು ಎಷ್ಟು ಕೂಗಿದೆ ಗೊತ್ತಾ?"

"ನೀವಾ ಅದು? ನಮ್ಮ ಆಸ್ಪತ್ರೆ ಪೇಷೆಂಟ್ ಯಾರೋ ಗುರುತು ಹಿಡಿದ್ರು ಅಂದ್ಕೊಂಡು ಅಡಗಿ ಕೂತೆ. ರಜದಲ್ಲೂ ಬಿಡಲ್ವಲ್ಲ ಅಂತ!"

ತೆಳ್ಳಗಿನ ಮನುಷ್ಯ ಎದ್ದು ಬಂದು ನನ್ನ ಕಿವಿಯ ಹತ್ತಿರ ಬಾಗಿ, "ಕ್ಷಮಿಸಿ. ಇವರ ಚೈನು ಬಿದ್ದಿತ್ತು. ನಮ್ಮವಳು ಅಂದ್ಕೊಂಡು ಹಾಕಿಕೊಟ್ಟೆ," ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ಟೀಚರು ತಿರುವಿನಲ್ಲಿ ಕಾಣಿಸಿಕೊಂಡರು. ತಮ್ಮ ಗಂಡನನ್ನು, ನನ್ನ ಹೆಂಡತಿಯನ್ನು, ಕಿತ್ತಳೆ ತೊಳೆಗಳನ್ನು, ಕೊನೆಗೆ ನನ್ನನ್ನು ನೋಡಿ, "ಸರಿ. ಎರಡೂ ಕಡೆ ಉತ್ತರ ಸಮ ಆಯ್ತು," ಎಂದು ಉಸಿರುಬಿಟ್ಟರು. ಲೈಬ್ರರಿಯವರು ಸರಸರನೆ ಹೋಗಿ ತಮ್ಮ ಹೆಂಡತಿಯ ಕೈಯಿಂದ ಸೈಕಲ್ ತೆಗೆದುಕೊಂಡರು. ಆ ಪಂಪನ್ನು ಮಾತ್ರ ಟೀಚರು ಕೈಬಿಡಲಿಲ್ಲ.

ನನ್ನ ಸೈಕಲ್ಲನ್ನೂ ಮೇಲಿನಿಂದ ಇಳಿಸಿ ತಂದದ್ದು ಆ ಲೈಬ್ರರಿಯವರೇ. ವಾಪಸು ಬರುವಾಗ ಟೀಚರು ಮುಂದೆ, ನನ್ನ ಹೆಂಡತಿ ಅವರ ಹಿಂದೆ. ಇಬ್ಬರೂ ಹೆಲ್ಮೆಟ್ ಕೈಯಲ್ಲಿ ಹಿಡಿದು, ಹಳೆಯ ಸ್ನೇಹಿತೆಯರಂತೆ ಹರಟುತ್ತ ಸೈಕಲ್ ತಳ್ಳುತ್ತಿದ್ದರು. ಹಸಿರು ಬಾಣಗಳೆಲ್ಲ ಅವರಿಗೆ ಅದು ಹೇಗೋ ಸಲೀಸಾಗಿ ಕಂಡವು. ನಾನು ಬಿಳಿಯ ಪುತ್ಥಳಿಯಂತೆ ಕಟಕಟನೆ ಹೆಜ್ಜೆ ಹಾಕುತ್ತ ಹಿಂಬಾಲಿಸಿದೆ. ಜುಟ್ಟಿನವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕಪ್ಪು ದಾರಿಗೆ ಹೋಗಿದ್ರಾ ಸಾರ್?" ಎಂದ. ಅವನ ದನಿಯಲ್ಲಿ ಭಕ್ತಿಯಿತ್ತು. ನಾನು ಇಲ್ಲ ಅನ್ನಲಿಲ್ಲ.

ಮನೆಗೆ ಬಂದು, ಮೂರು ಬಕೆಟ್ ನೀರು ಸುರಿದುಕೊಂಡು ಮತ್ತೆ ಮನುಷ್ಯನಾದ ಮೇಲೆ, ಕೊರೆಯುತ್ತಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. ಅವಳು ನನ್ನ ಮೊಣಕೈಗೆ ಮುಲಾಮು ಹಚ್ಚುತ್ತಿದ್ದಳು.

"ಅಲ್ಲ ಕಣೇ, ನಾನೇನೋ ಗೊಂದಲದಲ್ಲಿದ್ದೆ. ನಿನಗೆ ಆತ ನಾನಲ್ಲ ಅಂತ ಗೊತ್ತೇ ಆಗ್ಲಿಲ್ವಾ?"

"ಗೊತ್ತಾಗದೆ ಏನ್ರೀ? ಮಾತಾಡದೆ ಚೈನು ಹಾಕಿದ್ರು. ಏರು ಬಂದ ತಕ್ಷಣ ಹಿಂದಿನಿಂದ ನನ್ನ ಸೈಕಲ್ ತಳ್ಳೋಕೆ ಶುರು ಮಾಡಿದ್ರು. ಆಗಲೇ ಗೊತ್ತಾಯ್ತು."

"ಗೊತ್ತಾದ ಮೇಲೂ ಬಾಯಿ ಬಿಡದೆ ಯಾಕೆ ಹೋದೆ?"

ಹೆಂಡತಿ ಮುಲಾಮಿನ ಮುಚ್ಚಳ ತಿರುಗಿಸಿ ಹಾಕಿದಳು.

"ಏರು ಇನ್ನೂ ಮುಗಿದಿರಲಿಲ್ವಲ್ರೀ!"